ಬಳಸಿದ ಇಂಧನಕ್ಕೆ ನೀರಿನ ಕಾವಲು

ಮಕ್ಕಳೇ, ಒಲೆಯಲ್ಲಿ ಸೌದೆ ಉರಿದ ಮೇಲೆ ಕೆಂಡ ಉಳಿಯುತ್ತದೆ. ಅದರ ಮೇಲೆ ಒಂದು ಚೊಂಬು ನೀರು ಸುರಿದರೆ ಚುಂಯ್ ಎಂದು ಆರಿಹೋಗುತ್ತದೆ. ಆದರೆ ನೀರು ಸುರಿದರೂ ಆರದ ಒಂದು ಬಗೆಯ ‘ಕೆಂಡ’ವಿದೆ. ಅದೇ ಪರಮಾಣು ರಿಯಾಕ್ಟರಿನಲ್ಲಿ ಬಳಸಿ ಹೊರತೆಗೆದ ಯುರೇನಿಯಂ ಇಂಧನ. ಇದನ್ನು ವರ್ಷಗಟ್ಟಲೆ ನೀರಿನಲ್ಲಿ ಮುಳುಗಿಸಿ ಇಡುತ್ತಾರೆ. ಏಕೆ? ತಿಳಿಯೋಣ ಬನ್ನಿ.

ಬೆಂಗಳೂರಿನಿಂದ ಟ್ರಾಂಬೆಗೆ

ಯಶವಂತಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೆ ನಿಮ್ಮ ಮನೆಯ ಹಿರಿಯರಿಗೆ ಬೇಗ ಗೊತ್ತಾಗುತ್ತದೆ. 1939ರಿಂದ 1945ರವರೆಗೆ ವಿಜ್ಞಾನಿ ಹೋಮಿ ಭಾಭಾ ಇಲ್ಲಿ ಕೆಲಸ ಮಾಡಿದರು. ಮುಂದೆ ಅವರ ನೇತೃತ್ವದಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ‘ಅಪ್ಸರಾ’ ಎಂಬ ಸಂಶೋಧನಾ ರಿಯಾಕ್ಟರ್ ಸಿದ್ಧವಾಯಿತು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಆ ತಂಡದಲ್ಲಿದ್ದರು. 1956ರ ಆಗಸ್ಟ್ 4ರಂದು ಅದು ಕೆಲಸ ಆರಂಭಿಸಿತು.

ಅಪ್ಸರಾದ ಇಂಧನ ಇದ್ದದ್ದೇ ಸುಮಾರು 8 ಮೀಟರ್ ಆಳದ ನೀರಿನ ಕೊಳದೊಳಗೆ. ಮೇಲೆ ನಿಂತು ನೋಡಿದರೆ ನೀರಿನಲ್ಲಿ ಸುಂದರವಾದ ನೀಲಿ ಬೆಳಕು ಕಾಣುತ್ತಿತ್ತು. ಈ ಅಂದವನ್ನು ಕಂಡೇ ಪ್ರಧಾನಿ ನೆಹರೂ ಅದಕ್ಕೆ ಅಪ್ಸರಾ ಎಂದು ಹೆಸರಿಟ್ಟರು. 2009ರಲ್ಲಿ ಅದನ್ನು ನಿಲ್ಲಿಸಿ ಹೊಸದಾಗಿ ಕಟ್ಟಲಾಯಿತು. 2018ರಲ್ಲಿ ‘ಅಪ್ಸರಾ-ಯು’ ಆರಂಭವಾಯಿತು.

ನೀರಿನ ಎರಡು ಕೆಲಸ

ರಿಯಾಕ್ಟರಿನಲ್ಲಿ ಯುರೇನಿಯಂ ಪರಮಾಣುವಿನ ಬೀಜಕೇಂದ್ರ ಒಡೆಯುತ್ತದೆ. ಇದಕ್ಕೆ ವಿದಳನ ಎನ್ನುತ್ತಾರೆ. ಒಡೆದ ಚೂರುಗಳು ರಿಯಾಕ್ಟರ್ ನಿಂತ ಮೇಲೂ ಶಾಖವನ್ನೂ ವಿಕಿರಣವನ್ನೂ ಹೊರಸೂಸುತ್ತಲೇ ಇರುತ್ತವೆ. ದಿನ ಕಳೆದಂತೆ ಇದು ನಿಧಾನವಾಗಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ನೀರೇ ಕಾವಲುಗಾರ.

ಮೊದಲನೆಯದಾಗಿ, ನೀರು ಇಂಧನದ ಶಾಖವನ್ನು ಹೀರಿಕೊಂಡು ತಂಪು ಮಾಡುತ್ತದೆ. ಎರಡನೆಯದಾಗಿ, ವಿಕಿರಣವನ್ನು ತಡೆಯುತ್ತದೆ. ಮಧ್ಯಮ ಶಕ್ತಿಯ ಗಾಮಾ ಕಿರಣಗಳು ಸುಮಾರು 10 ಸೆಂಟಿಮೀಟರ್ ನೀರನ್ನು ದಾಟುವಾಗ ಅರ್ಧಕ್ಕೆ ಇಳಿಯುತ್ತವೆ. 20 ಸೆಂಟಿಮೀಟರ್ ದಾಟಿದರೆ ಕಾಲು ಭಾಗ. ಹೀಗೆ ಹತ್ತು ಸಲ ಅರ್ಧ ಮಾಡುತ್ತಾ ಹೋದರೆ 1 ಮೀಟರ್‌ಗೆ ಎಷ್ಟು ಉಳಿಯುತ್ತದೆ? ನೀವೇ ಲೆಕ್ಕ ಮಾಡಿ. ಸುಮಾರು ಸಾವಿರದಲ್ಲಿ ಒಂದು ಭಾಗ! ಹೆಚ್ಚು ಶಕ್ತಿಯ ಕಿರಣಗಳಿಗೆ ಇನ್ನೂ ಹೆಚ್ಚು ನೀರು ಬೇಕು. ಆದ್ದರಿಂದಲೇ ಈ ಕೊಳಗಳು ಹಲವು ಮೀಟರ್ ಆಳವಾಗಿರುತ್ತವೆ.

ಇಂಧನವನ್ನು ಒಟ್ಟಿಗೆ ರಾಶಿ ಹಾಕುವುದಿಲ್ಲ. ವಿದಳನ ಮತ್ತೆ ಸರಪಳಿಯಂತೆ ಶುರುವಾಗದಿರಲು ಚೌಕಟ್ಟುಗಳಲ್ಲಿ ಅಂತರ ಬಿಟ್ಟು ಜೋಡಿಸುತ್ತಾರೆ.

ಯಾವ ನೀರಾದರೂ ಆಗುತ್ತದೆಯೇ?

ಖಂಡಿತ ಇಲ್ಲ. ಯಲಹಂಕ, ಹೆಬ್ಬಾಳದ ಕಡೆ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ಅದು ನೀರಿನಲ್ಲಿ ಕರಗಿದ್ದ ಲವಣ. ಅನೇಕ ಸಂಶೋಧನಾ ರಿಯಾಕ್ಟರ್‌ಗಳಲ್ಲಿ ಇಂಧನದ ಹೊರಕವಚ ಅಲ್ಯೂಮಿನಿಯಂ ಲೋಹದ್ದು. ನೀರಿನಲ್ಲಿ ಕ್ಲೋರೈಡ್‌ನಂಥ ಲವಣಗಳಿದ್ದರೆ ಈ ಕವಚದಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಗುಳಿ ತೂತಾದರೆ ವಿಕಿರಣಶೀಲ ವಸ್ತು ನೀರಿಗೆ ಸೇರುತ್ತದೆ. ಕಾವಲುಗಾರನೇ ಕಳ್ಳನಾದಂತೆ!

ಆದ್ದರಿಂದ ಕೊಳದ ನೀರನ್ನು ವಿಶೇಷ ರಾಳಗಳ ಮೂಲಕ ಹಾಯಿಸಿ ಲವಣ ತೆಗೆಯುತ್ತಾರೆ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಅಳೆಯುತ್ತಾರೆ. ಲವಣ ಹೆಚ್ಚಾದರೆ ವಿದ್ಯುತ್ ಹೆಚ್ಚು ಹರಿಯುತ್ತದೆ. ಇಂಧನದ ಪಕ್ಕದಲ್ಲಿ ಅದೇ ಲೋಹದ ಚಿಕ್ಕ ಬಿಲ್ಲೆಗಳನ್ನು ತೂಗುಬಿಟ್ಟು, ಆಗಾಗ ಹೊರತೆಗೆದು ಪರೀಕ್ಷಿಸುತ್ತಾರೆ. ಬಿಲ್ಲೆಯಲ್ಲಿ ಗುಳಿ ಕಂಡರೆ ಎಚ್ಚರಿಕೆಯ ಗಂಟೆ ಬಾರಿಸಿದಂತೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1996ರಿಂದ ಹಲವು ದೇಶಗಳ ಕೊಳಗಳಲ್ಲಿ ಇಂಥ ಪರೀಕ್ಷೆ ಮಾಡಿಸಿತು. ನೀರು ಶುದ್ಧವಾಗಿದ್ದರೆ ಕವಚ ದಶಕಗಳ ಕಾಲ ಕೆಡದೆ ಉಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ವಿದ್ಯುತ್ ತಯಾರಿಸುವ ರಿಯಾಕ್ಟರ್‌ಗಳಿವೆ. ಅಲ್ಲಿಯೂ ಬಳಸಿದ ಇಂಧನವನ್ನು ಮೊದಲು ನೀರಿನ ಕೊಳದಲ್ಲೇ ಇಡುತ್ತಾರೆ.

ಮಾಡಿ ನೋಡಿ

ಎರಡು ಗಾಜಿನ ಲೋಟ, ಎರಡು ಹೊಸ ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಒಂದು ಲೋಟಕ್ಕೆ ಶುದ್ಧ ಮಳೆನೀರು, ಇನ್ನೊಂದಕ್ಕೆ ಎರಡು ಚಮಚ ಉಪ್ಪು ಕರಗಿಸಿದ ಮಳೆನೀರು ಹಾಕಿ. ಮೊಳೆಗಳನ್ನು ಅರ್ಧ ಮುಳುಗುವಂತೆ ಇಡಿ. ಒಂದು ವಾರ ದಿನವೂ ಗಮನಿಸಿ ಪುಸ್ತಕದಲ್ಲಿ ಬರೆಯಿರಿ. ಯಾವ ಮೊಳೆಗೆ ತುಕ್ಕು ಹೆಚ್ಚು? ಏಕೆ? ಗೆಳೆಯರೊಂದಿಗೆ ಚರ್ಚಿಸಿ.

ನೆನಪಿಡಿ: ಕೊಳದಲ್ಲಿ ನೀರು ತುಂಬಿದ್ದರೆ ಸಾಲದು, ಅದು ಪ್ರತಿದಿನವೂ ಶುದ್ಧವಾಗಿರಬೇಕು.