ಬೆಂಗಳೂರಲ್ಲಿ ಜಪಾನಿ ಸಾಮಾನು: ಕೊಳ್ಳೋ ಮುಂಚೆ ಓದೋದು ಹೇಗೆ?

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ. ಇಂಥ ಕಂಪನಿಗಳ ಕೆಲಸಕ್ಕೆ ಬಂದ ಜಪಾನಿನವರು ಬೆಂಗಳೂರಿನಲ್ಲಿ ಇದ್ದಾರೆ, ಅವರ ಅಡುಗೆ ಸಾಮಾನೂ ಇಲ್ಲಿ ಸಿಗುತ್ತದೆ. ಅನಿಮೆ ನೋಡಿ ರಾಮೆನ್ ಆಸೆ ಹುಟ್ಟಿದ ನಮ್ಮಂಥ ಹಾಸ್ಟೆಲ್‌ನವರಿಗೂ ಈಗ ಅದು ಬೇಕು. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಆಮದು ವಸ್ತುಗಳ ಕಪಾಟು ನೋಡಿ. ಕೊರಿಯನ್ ಅಂಗಡಿಗಳನ್ನೂ ಬಿಡಬೇಡಿ, ಅಂಟು ಅಕ್ಕಿ, ನೋರಿ ಹಾಳೆ ಎರಡೂ ಅಡುಗೆಗಳಿಗೆ ಬೇಕಾದವೇ. ಅಂಗಡಿ ಹುಡುಕೋದು ಸುಲಭ, ಪೊಟ್ಟಣ ಓದೋದೇ ಕಷ್ಟ.

ಸಸ್ಯಾಹಾರಿಗಳು ಗಮನಿಸಿ

ನಮ್ಮ ಸಾರಿಗೆ ಬೇಳೆ ಕಟ್ಟು ಹೇಗೋ, ಜಪಾನಿ ಅಡುಗೆಗೆ ‘ದಾಶಿ’ ಹಾಗೆ. ಸಾಮಾನ್ಯವಾಗಿ ಅದನ್ನು ಒಣಗಿಸಿದ ಬೊನಿಟೊ ಮೀನು ಮತ್ತು ‘ಕೊಂಬು’ ಎಂಬ ಕಡಲಕಳೆಯಿಂದ ತೆಗೆಯುತ್ತಾರೆ. ಮಿಸೊ ಅಂದ್ರೆ ಸೋಯಾ, ಉಪ್ಪು, ಕೋಜಿ ಬೂಷ್ಟು ಸೇರಿಸಿ ಹುದುಗಿಸಿದ್ದು. ಆದರೆ ಇನ್‌ಸ್ಟಂಟ್ ಮಿಸೊ ಸೂಪ್‌ನಲ್ಲಿ ಮೀನಿನ ದಾಶಿ ಇರೋದೇ ಹೆಚ್ಚು. ಚಿತ್ರದಲ್ಲಿ ಬರೀ ತೋಫು ಕಂಡರೆ ನಂಬಬೇಡಿ. ಬರೀ ಕೊಂಬು ದಾಶಿಯಾದರೆ ಸಸ್ಯಾಹಾರವೇ. 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕೊಂಬುವಿನಿಂದಲೇ ಗ್ಲುಟಾಮೇಟ್ ಬೇರ್ಪಡಿಸಿ ಆ ರುಚಿಗೆ ‘ಉಮಾಮಿ’ ಅಂತ ಹೆಸರಿಟ್ಟರು.

ಸ್ಟಿಕ್ಕರ್ ಮತ್ತು ದಿನಾಂಕ

ಹಸಿರು ಚುಕ್ಕೆ ಜಪಾನಿನ ಪದ್ಧತಿಯಲ್ಲ. ನಿಯಮದ ಪ್ರಕಾರ ಬಂದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಸಸ್ಯಾಹಾರ ಅಥವಾ ಮಾಂಸಾಹಾರದ ಗುರುತು ಇರಲೇಬೇಕು; ಇವನ್ನು ಸಾಮಾನ್ಯವಾಗಿ ಸ್ಟಿಕ್ಕರ್ ಆಗಿ ಅಂಟಿಸಿರುತ್ತಾರೆ. ಏನೂ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಜಪಾನಿನಲ್ಲಿ ವರ್ಷ, ತಿಂಗಳು, ದಿನ ಅನ್ನೋ ಕ್ರಮ. 27.03.05 ಅಂದರೆ 2027ರ ಮಾರ್ಚ್ 5. ನಮ್ಮ ಅಭ್ಯಾಸದಲ್ಲಿ ಓದಿದರೆ 2005ರ ಸರಕು ಅಂತ ಗಾಬರಿಯಾಗುತ್ತೆ!

ಬೆಲೆ ಎಲ್ಲಿ ಉಳಿಸಬಹುದು?

ಸೋನಾ ಮಸೂರಿಯಲ್ಲಿ ಸುಶಿ ಉಂಡೆ ನಿಲ್ಲೋದಿಲ್ಲ. ಜಪಾನಿ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಕಡಿಮೆ, ಅದಕ್ಕೇ ಅಂಟು. ಆದ್ದರಿಂದ ಅಕ್ಕಿಗೆ ದುಡ್ಡು ಹಾಕಿ. ಸೋಯಾ ಸಾಸ್‌ನಲ್ಲಿ ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇದ್ದರೆ ಹುದುಗಿಸಿದ್ದು ಅಂತ ತಿಳಿಯಬಹುದು. ಆಮ್ಲದಿಂದ ಒಡೆದ ಪ್ರೋಟೀನಿಗೆ ಕ್ಯಾರಮೆಲ್ ಬಣ್ಣ ಸೇರಿಸಿದ್ದು ಅಗ್ಗ, ರುಚಿ ಬೇರೆ. ವಸಾಬಿ ಟ್ಯೂಬ್‌ಗೆ ಹೆಚ್ಚು ಕೊಡಬೇಡಿ, ಬಹುಪಾಲು ಹಾರ್ಸ್‌ರ‍್ಯಾಡಿಶ್ ಬೇರಿಗೆ ಹಸಿರು ಬಣ್ಣ ಹಾಕಿದ್ದು.

ಕುಕ್ಕರ್ ತರಿಸೋ ಮುಂಚೆ ಒಂದು ಲೆಕ್ಕ

ಜಪಾನಿನ ಮನೆಗಳಲ್ಲಿ 100 ವೋಲ್ಟ್, ನಮ್ಮಲ್ಲಿ 230. ಅಲ್ಲಿಗೆ ಅಂತಲೇ ಮಾಡಿದ 500 ವ್ಯಾಟ್ ಅಕ್ಕಿ ಕುಕ್ಕರಿನ ರೋಧ 100² ÷ 500, ಅಂದರೆ 20 ಓಮ್. ನೇರ ಇಲ್ಲಿ ಚುಚ್ಚಿದರೆ 230² ÷ 20 = 2645 ವ್ಯಾಟ್! ಐದು ಪಟ್ಟಿಗೂ ಮೀರಿತು. ಫ್ಯೂಸ್ ಹೋದರೆ ಪುಣ್ಯ, ಇಲ್ಲದಿದ್ದರೆ ಬೆಂಕಿ. ಪಿನ್ ಅಡಾಪ್ಟರ್ ಆಕಾರ ಬದಲಿಸುತ್ತೆ ಅಷ್ಟೇ, ವೋಲ್ಟೇಜ್ ಅಲ್ಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ 500 ವಿಎಗಿಂತ ಹೆಚ್ಚಿನದು. ಟೋಕಿಯೋ ಕಡೆ 50 ಹರ್ಟ್ಜ್, ಒಸಾಕಾ ಕಡೆ 60. ಟ್ರಾನ್ಸ್‌ಫಾರ್ಮರ್ ಇದನ್ನು ಬದಲಿಸೋದಿಲ್ಲ. ಬರೀ ಹೀಟರ್ ಇರೋ ಕುಕ್ಕರಿಗೆ ತೊಂದರೆಯಿಲ್ಲ, 60 ಹರ್ಟ್ಜ್‌ಗೆ ಮಾತ್ರ ಮಾಡಿದ ಮೈಕ್ರೋವೇವ್ ಬೇಡ. ‘100–240 ವೋಲ್ಟ್’ ಅಂತ ಬರೆದ ಚಾರ್ಜರ್ ಇಲ್ಲೂ ನಡೆಯುತ್ತೆ.

ಮೊದಲ ಸಲ ಹೋಗುವವರು ಒಂದು ಕಿಲೋ ಅಕ್ಕಿ, ಚಿಕ್ಕ ಬಾಟಲಿ ಸೋಯಾ ಸಾಸ್, ಒಂದು ಕಟ್ಟು ನೋರಿ ತನ್ನಿ. ನಾಲ್ವರು ಹಂಚಿಕೊಂಡರೆ ಜೇಬಿಗೂ ಭಾರವಿಲ್ಲ. ಗುಂಪಿನಲ್ಲಿ ಮೀನು ತಿನ್ನದವರಿದ್ದರೆ ಬಡಿಸೋ ಮುಂಚೆ ಪೊಟ್ಟಣದ ಹಿಂಬದಿ ಓದಿ ಹೇಳಿ.