ಪಾಠ 14: ಮಗುವಿನ ಕಲಿಕೆಯ ಲೆಕ್ಕ



ನೀವು ಡೈರಿಗೆ ಹಾಲು ಹಾಕುತ್ತೀರಿ. ಅಲ್ಲಿ ಹಾಲು ಅಳೆಯುತ್ತಾರೆ. ಡಿಗ್ರಿ ಎಷ್ಟು ಎಂದು ನೋಡುತ್ತಾರೆ. ಲೆಕ್ಕ ಬರೆಯುತ್ತಾರೆ. ಆ ಲೆಕ್ಕ ನೋಡದೆ ನೀವು ಮನೆಗೆ ಬರುವುದಿಲ್ಲ. ಅರ್ಧ ಲೀಟರ್ ಕಡಿಮೆ ಬರೆದರೆ "ಯಾಕೆ ಹಿಂಗೆ?" ಅಂತ ಅಲ್ಲೇ ಕೇಳುತ್ತೀರಿ. ಸಂಘದ ಉಳಿತಾಯದ ಲೆಕ್ಕವನ್ನೂ ಕೇಳುತ್ತೀರಿ.

ನಿಮ್ಮ ಮಗಳು ಶಾಲೆಯಲ್ಲಿ ಏನು ಕಲಿತಳು? ಆ ಲೆಕ್ಕ ಕೇಳಿದ್ದೀರಾ?

"ನಮಗೇನು ಗೊತ್ತಾಗ್ತದೆ ಮೇಡಮ್? ಮೇಷ್ಟ್ರು ನೋಡ್ಕೋತಾರೆ" ಎಂದು ಅನೇಕ ತಾಯಂದಿರು ಹೇಳುತ್ತಾರೆ. ಈಗ ನಿಮಗೆ ಓದಲು ಬರುತ್ತದೆ. ಅಂಕಿ ಬರುತ್ತದೆ. ಇನ್ನು ಮೇಲೆ ಈ ಲೆಕ್ಕವೂ ನಿಮ್ಮದೇ.

ಶಾಲೆಯಲ್ಲಿ ಯಾವ ಯಾವ ಲೆಕ್ಕ ಇದೆ?

1. ಹಾಜರಿ ಪುಸ್ತಕ. ಮಗು ಎಷ್ಟು ದಿನ ಬಂತು, ಎಷ್ಟು ದಿನ ಬರಲಿಲ್ಲ ಎಂದು ಇದರಲ್ಲಿ ಇರುತ್ತದೆ. ಹಾಸನದ ಕಡೆ ಆಲೂಗಡ್ಡೆ ಕೀಳುವ ಕಾಲ ಬರುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಕೆಲಸ ಇರುತ್ತದೆ. ಹೊಳೆನರಸೀಪುರದ ಗದ್ದೆಗಳಲ್ಲಿ ನಾಟಿ, ಚನ್ನರಾಯಪಟ್ಟಣದ ತೋಟಗಳಲ್ಲಿ ತೆಂಗಿನಕಾಯಿ ಕೆಲಸ. ಕೆಲಸ ಜಾಸ್ತಿ ಆದಾಗ ಮಗಳನ್ನು ಶಾಲೆ ಬಿಡಿಸುತ್ತೇವೆ. "ನಾಲ್ಕು ದಿನ ತಾನೇ" ಅನ್ನುತ್ತೇವೆ. ಆ ನಾಲ್ಕು ದಿನದಲ್ಲಿ ಒಂದು ಪಾಠ ಮುಗಿದಿರುತ್ತದೆ.

2. ಪ್ರಗತಿ ಪತ್ರ. ಪರೀಕ್ಷೆ ಆದ ಮೇಲೆ ಅಂಕಗಳನ್ನು ಇದರಲ್ಲಿ ಬರೆಯುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಎ+, ಎ, ಬಿ+, ಬಿ, ಸಿ ಎಂಬ ಶ್ರೇಣಿಯೂ ಇರುತ್ತದೆ. ಎ+ ಎಲ್ಲಕ್ಕಿಂತ ಮೇಲೆ. ಸಿ ಎಲ್ಲಕ್ಕಿಂತ ಕೆಳಗೆ. ಇದಕ್ಕೆ ನಿಮ್ಮ ಸಹಿ ಬೇಕು. ನೋಡದೆ ಸಹಿ ಹಾಕಬೇಡಿ.

3. ನಲಿ-ಕಲಿ ಏಣಿ. ನಲಿ-ಕಲಿ ಇರುವ ತರಗತಿಯಲ್ಲಿ ಕಲಿಕೆಯ ಏಣಿ ಇರುತ್ತದೆ. ಅದರಲ್ಲಿ ಮೆಟ್ಟಿಲುಗಳಿವೆ. ಒಂದು ಕಲಿತ ಮೇಲೆ ಮುಂದಿನದು. ಈ ಪದ್ಧತಿ 1995ರಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. "ನನ್ನ ಮಗು ಯಾವ ಮೆಟ್ಟಿಲಲ್ಲಿದೆ?" ಎಂದು ಕೇಳಿ. ಟೀಚರ್ ತೋರಿಸುತ್ತಾರೆ.

4. ಎಸ್.ಎ.ಟಿ.ಎಸ್. ನಂಬರ್. ಶಾಲೆಯಲ್ಲಿ ಪ್ರತಿ ಮಗುವಿಗೂ ಈ ನಂಬರ್ ಕೊಡುತ್ತಾರೆ. ಮಗುವಿನ ವಿವರ ಇಲಾಖೆಯ ಕಂಪ್ಯೂಟರಿನಲ್ಲಿ ಈ ನಂಬರಿನ ಮೇಲೆ ಇರುತ್ತದೆ. ಮಗು ಬೇರೆ ಊರಿನ ಶಾಲೆಗೆ ಹೋದರೂ ನಂಬರ್ ಬದಲಾಗುವುದಿಲ್ಲ. ಬರೆದು ಇಟ್ಟುಕೊಳ್ಳಿ.

ನಮ್ಮ ಹಾಸನ ಜಿಲ್ಲೆಯ ಸಂಗತಿ

2017ರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹಾಸನ ಜಿಲ್ಲೆ 31ನೇ ಸ್ಥಾನದಲ್ಲಿತ್ತು. 2018ರಲ್ಲಿ 7ನೇ ಸ್ಥಾನಕ್ಕೆ ಬಂತು. 2019ರಲ್ಲಿ ಇಡೀ ರಾಜ್ಯಕ್ಕೆ ಮೊದಲ ಸ್ಥಾನ! ಆ ವರ್ಷ ರಾಜ್ಯದಲ್ಲಿ ಪಾಸಾದವರು ಶೇಕಡಾ 73.70. ಹಾಸನದಲ್ಲಿ ಶೇಕಡಾ 89.33. ಅಂದರೆ ಪರೀಕ್ಷೆಗೆ ಕೂತ 100 ಮಕ್ಕಳಲ್ಲಿ ಸುಮಾರು 89 ಮಕ್ಕಳು ಪಾಸು.

ಎರಡು ವರ್ಷದಲ್ಲಿ ಮಕ್ಕಳು ಬದಲಾದರೇ? ಊರು ಅದೇ, ಶಾಲೆ ಅದೇ. ಬದಲಾದದ್ದು ಲೆಕ್ಕ ನೋಡುವ ರೀತಿ. ಆಗ ರೋಹಿಣಿ ಸಿಂಧೂರಿ ಜಿಲ್ಲಾಧಿಕಾರಿಯಾಗಿದ್ದರು. 2019ರ ಫೆಬ್ರವರಿವರೆಗೆ ಇಲ್ಲಿದ್ದರು. ವರ್ಷದ ಕೊನೆಯ ಪರೀಕ್ಷೆಗೆ ಕಾಯಲಿಲ್ಲ. ಮೊದಲೇ ಪರೀಕ್ಷೆ ಕೊಟ್ಟು, ಹಿಂದೆ ಬಿದ್ದ ಮಕ್ಕಳು ಯಾರು ಎಂದು ಗುರುತಿಸಿದರು. ಆ ಮಕ್ಕಳಿಗೆ ಬೇರೆಯಾಗಿ ಪಾಠ ಮಾಡಿದರು. ತಂದೆತಾಯಿಯರ ಸಭೆ ಕರೆದರು. ಮೇಷ್ಟ್ರು, ಹೆಡ್‌ಮಾಸ್ಟರು, ಅಧಿಕಾರಿಗಳು ಎಲ್ಲರೂ ಉತ್ತರ ಹೇಳಬೇಕಾಯಿತು.

ಕೀರ್ತಿ ಯಾರಿಗೆ ಸೇರಬೇಕು ಎಂದು ಆಗ ಜಿಲ್ಲೆಯಲ್ಲಿ ಬಹಳ ಮಾತು ನಡೆಯಿತು. ಅದು ನಮಗೆ ಬೇಡ. ದುಡಿದ ಮಕ್ಕಳಿಗೆ, ಮೇಷ್ಟ್ರುಗಳಿಗೆ ಅದರಲ್ಲಿ ದೊಡ್ಡ ಪಾಲಿದೆ. ನಮಗೆ ಬೇಕಾದ್ದು ಆ ದಾರಿ.

ಅಂಕ ಕಡಿಮೆ ಬಂದರೆ

ಹಾಲಿನ ಡಿಗ್ರಿ ಇಳಿದರೆ ನೀವು ಹಸುವಿಗೆ ಹೊಡೆಯುತ್ತೀರಾ? ಇಲ್ಲ. ಮೇವು ನೋಡುತ್ತೀರಿ. ಹಿಂಡಿ ನೋಡುತ್ತೀರಿ. ಜ್ವರ ಬಂದಿದೆಯಾ ಎಂದು ಮೈ ಮುಟ್ಟುತ್ತೀರಿ.

ಮಗುವಿನ ಅಂಕ ಇಳಿದರೆ ಮಾತ್ರ ಬೆನ್ನಿಗೆ ಬೀಳುತ್ತದೆ. "ಓದಿದ್ದು ಸಾಕು, ಮನೇಲಿರು" ಎನ್ನುತ್ತೇವೆ. ಹೆಣ್ಣು ಮಗುವಾದರೆ ಮದುವೆ ಮಾತು ಶುರುವಾಗುತ್ತದೆ. ಒಂದು ಸಣ್ಣ ಅಂಕಿಯಿಂದ ಒಂದು ಹುಡುಗಿಯ ಬಾಳು ತಿರುಗುತ್ತದೆ.

ತಾಯಿ, ಅಂಕ ಶಿಕ್ಷೆಯಲ್ಲ. ಎಲ್ಲಿ ಸಹಾಯ ಬೇಕು ಎಂದು ತೋರಿಸುವ ಗುರುತು. ಶಾಲೆಯಲ್ಲೂ ಮಗುವಿಗೆ ಹೊಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ.

ಹೀಗೆ ಕೇಳಿ

ತಾಯಿ: ಮೇಡಮ್, ನಮ್ಮ ಹುಡುಗಿ ಗಣಿತದಲ್ಲಿ ಸಿ ತಗೊಂಡವ್ಳೆ. ಯಾವ ಲೆಕ್ಕ ಬರ್ತಿಲ್ಲ?

ಟೀಚರ್: ಕೂಡೋದು, ಕಳೆಯೋದು ಚೆನ್ನಾಗಿ ಮಾಡ್ತಾಳಮ್ಮ. ಭಾಗಾಕಾರ ಬರ್ತಿಲ್ಲ. ಅದನ್ನ ಹೇಳ್ಕೊಟ್ಟ ವಾರ ಅವಳು ಶಾಲೆಗೆ ಬಂದಿರಲಿಲ್ಲ. ಹಾಜರಿ ನೋಡಿ.

ತಾಯಿ: ಹೌದು, ಆಲೂಗಡ್ಡೆ ಕೀಳಕ್ಕೆ ಕರ್ಕೊಂಡು ಹೋಗಿದ್ದೆ. ಇನ್ಮೇಲೆ ಶಾಲೆ ಬಿಡಿಸಲ್ಲ. ನೀವೇನು ಮಾಡ್ತೀರಾ ಮೇಡಮ್?

ಟೀಚರ್: ದಿನಾ ಅರ್ಧ ಗಂಟೆ ಕೂರಿಸಿಕೊಂಡು ಹೇಳ್ಕೊಡ್ತೀನಿ.

ತಾಯಿ: ಮತ್ತೆ ಯಾವಾಗ ಬಂದು ನೋಡ್ಲಿ?

ಟೀಚರ್: ಮುಂದಿನ ತಿಂಗಳು 10ನೇ ತಾರೀಖು ಬನ್ನಿ.

ನೋಡಿದಿರಾ? ಯಾರೂ ಯಾರನ್ನೂ ಬೈಯಲಿಲ್ಲ. ತಾಯಿ ಒಂದು ಮಾತು ಕೊಟ್ಟರು. ಟೀಚರ್ ಒಂದು ಮಾತು ಕೊಟ್ಟರು. ತಾರೀಖು ಗೊತ್ತಾಯಿತು. ಹೊಣೆ ಅಂದರೆ ಇದೇ.

ಲೆಕ್ಕ ನಿಜವಾಗಿರಬೇಕು

ಹಾಲಿಗೆ ನೀರು ಬೆರೆಸಿದರೆ ಲೀಟರ್ ಹೆಚ್ಚುತ್ತದೆ. ಹಾಲು ಹೆಚ್ಚುತ್ತದೆಯೇ? ಅಂಕಕ್ಕೂ ಅದೇ ಮಾತು. ನಕಲು ಮಾಡಿಸಿದರೆ ಅಂಕಿ ಏರುತ್ತದೆ, ಮಗು ಕಲಿಯುವುದಿಲ್ಲ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು, ಕಚೇರಿಯಲ್ಲಿ ಕೂತು ನೋಡಿದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಶೇಕಡಾ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಗೆ ಕೊಟ್ಟ ಮೇಲೆ.

ಆದ್ದರಿಂದ ಪತ್ರದಲ್ಲಿ ಇರುವ ಅಂಕ ಒಂದೇ ಸಾಲದು. ಮನೆಯಲ್ಲಿ ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಈ ಪುಸ್ತಕದ ಒಂದು ಪುಟ ಓದಿಸಿ. ನಿಮ್ಮ ಹಾಲಿನ ಬಿಲ್ಲು ಕೂಡಿಸಿ ಕೊಡಲು ಹೇಳಿ. ನಿಜ ಗೊತ್ತಾಗುತ್ತದೆ.

ಯಾರನ್ನು ಕೇಳಬೇಕು?

ಮೊದಲು ತರಗತಿಯ ಟೀಚರನ್ನು. ಆಮೇಲೆ ಹೆಡ್‌ಮಾಸ್ಟರನ್ನು. ಆಮೇಲೆ ಎಸ್.ಡಿ.ಎಂ.ಸಿ.ಯನ್ನು. ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ ಇದು 2001ರಲ್ಲಿ ಬಂತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ 4 ಜನರಲ್ಲಿ 3 ಜನ ಮಕ್ಕಳ ತಂದೆತಾಯಿಯರೇ ಇರಬೇಕು. ಅರ್ಧದಷ್ಟು ಜನ ಹೆಂಗಸರು ಇರಬೇಕು. ಅಂದರೆ ಅಲ್ಲಿ ನಿಮಗೆ ಕುರ್ಚಿ ಇದೆ. ನಿಮ್ಮ ಹೆಸರಿನಲ್ಲಿ ಗಂಡ ಹೋಗಿ ಕೂರುವುದು ಬೇಡ. ನೀವೇ ಹೋಗಿ. ಓದಿ ನೋಡಿ, ಆಮೇಲೆ ಸಹಿ ಹಾಕಿ.

ಒಂದು ಮಾತು ನೆನಪಿಡಿ. ಇರುವ ಮೇಷ್ಟ್ರು ಒಬ್ಬರೇ. ತರಗತಿ ಐದು. ಆಗ ಅವರೊಬ್ಬರನ್ನೇ ದೂರಿ ಏನು ಫಲ? 1ರಿಂದ 5ನೇ ತರಗತಿ ಇರುವ ಶಾಲೆಯಲ್ಲಿ 60 ಮಕ್ಕಳವರೆಗೆ 2 ಜನ ಶಿಕ್ಷಕರು ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಶಿಕ್ಷಕರನ್ನು ಕೊಡುವುದು ಸರ್ಕಾರದ ಹೊಣೆ. ಸಮಿತಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಬರೆಯಿರಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆ ಬಿ.ಇ.ಒ. ಕಚೇರಿ ಇದೆ. ಮೇಷ್ಟ್ರು ಉತ್ತರ ಹೇಳಬೇಕು. ಮೇಲಿನವರೂ ಹೇಳಬೇಕು. ನಾವೂ ಹೇಳಬೇಕು.

ಲೆಕ್ಕ ಮಾಡಿ

1. ಜುಲೈ ತಿಂಗಳಲ್ಲಿ ಶಾಲೆ ನಡೆದದ್ದು 25 ದಿನ. ಹುಡುಗಿ ಬಂದದ್ದು 17 ದಿನ. ಎಷ್ಟು ದಿನ ತಪ್ಪಿತು?

2. ಒಂದು ತರಗತಿಯಲ್ಲಿ 20 ಮಕ್ಕಳು. ಸರಾಗವಾಗಿ ಓದುವವರು 12. ಓದಲು ಕಷ್ಟಪಡುವವರು ಎಷ್ಟು? ಅವರಿಗೆ ಏನು ಮಾಡಬಹುದು?

ಕೂತು ಮಾತಾಡಿ

1. ನಮ್ಮೂರ ಮಕ್ಕಳು ಯಾವ ತಿಂಗಳಲ್ಲಿ ಹೆಚ್ಚಾಗಿ ಶಾಲೆ ತಪ್ಪಿಸುತ್ತಾರೆ? ಯಾಕೆ?

2. ನಮ್ಮ ಶಾಲೆಯ ಸಮಿತಿಯಲ್ಲಿ ಎಷ್ಟು ಜನ ಹೆಂಗಸರಿದ್ದಾರೆ? ಸಭೆಗೆ ಹೋಗುತ್ತಾರಾ?

ಬರೆಯಿರಿ

ಮಗುವಿನ ಹೆಸರು: ..............
ತರಗತಿ: ..............
ಎಸ್.ಎ.ಟಿ.ಎಸ್. ನಂಬರ್: ..............
ಈ ತಿಂಗಳು ತಪ್ಪಿದ ದಿನಗಳು: ..............
ಟೀಚರ್ ಹತ್ತಿರ ನಾನು ಕೇಳುವ ಒಂದು ಪ್ರಶ್ನೆ: ..............
ಶಾಲೆಗೆ ಹೋಗುವ ತಾರೀಖು: ..............