ವೇಗವೂ ಭದ್ರತೆಯೂ ಒಂದೇ ಕೆಲಸ

ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿಕೊಂಡಿರುವ ತಮ್ಮಂದಿರೇ, ತಂಗಿಯರೇ,

ಇಂದಲ್ಲ ನಾಳೆ ನಿಮ್ಮ ಮೇಜಿಗೆ ಒಂದು ಕಡತ ಬರುತ್ತದೆ. ‘ಕ್ಯಾಂಪಸ್ ವೈಫೈ ಮೇಲ್ದರ್ಜೆಗೇರಿಸುವ ಬಗ್ಗೆ’ ಎಂದು ಅದರ ತಲೆಬರಹ. ಒಳಗೆ ಆಕ್ಸೆಸ್ ಪಾಯಿಂಟ್‌ಗಳ ಸಂಖ್ಯೆ, ದರಪಟ್ಟಿ, ವಾರಂಟಿ ಎಲ್ಲವೂ ಇರುತ್ತದೆ. ಭದ್ರತೆಗೆ ಮಾತ್ರ ಕೊನೆಯ ಪುಟದಲ್ಲಿ ಒಂದು ಸಾಲು, ಇಲ್ಲವೇ ‘ಎರಡನೇ ಹಂತದಲ್ಲಿ ಪರಿಶೀಲಿಸುವುದು’ ಎಂಬ ಷರಾ. ಇದೇ ಕೆಲಸದಲ್ಲಿ ತಲೆ ನರೆತ ನಾನು ನಿಮಗೆ ಹೇಳಬೇಕಾದದ್ದು ಒಂದೇ. ಆ ಎರಡನೇ ಹಂತವನ್ನು ನಂಬಿ ಕೂರಬೇಡಿ. ಅಷ್ಟರೊಳಗೆ ಹಣ ಮುಗಿದಿರುತ್ತದೆ, ಮೇಲಿನವರ ಉತ್ಸಾಹವೂ ಇಳಿದಿರುತ್ತದೆ. ವೇಗ ಹೆಚ್ಚಿಸುವುದೂ ಭದ್ರಪಡಿಸುವುದೂ ಒಂದೇ ಕೆಲಸ. ಒಂದೇ ಟೆಂಡರಿನಲ್ಲಿ ಸೇರಿಸಿ ಮಾಡಿ.

ಟೆಂಡರ್ ಬರೆಯುವ ಮೊದಲು ಒಮ್ಮೆ ರಾತ್ರಿ ಹತ್ತರ ಹೊತ್ತಿಗೆ ಹಾಸ್ಟೆಲ್ ಸುತ್ತಿ ಬನ್ನಿ. ಊಟ ಮುಗಿಸಿ ಎಲ್ಲರೂ ಒಟ್ಟಿಗೇ ಫೋನ್ ಹಿಡಿಯುವ ಸಮಯವದು. ಮೂಲೆಯ ಕೋಣೆಯಲ್ಲಿ ಒಬ್ಬಳು ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿರುತ್ತಾಳೆ. ಪಕ್ಕದವಳು ಯುಯುಸಿಎಂಎಸ್ ಪೋರ್ಟಲಿನಲ್ಲಿ ಪರೀಕ್ಷೆಯ ಅರ್ಜಿ ಹಾಕುತ್ತಿರುತ್ತಾಳೆ. ಅವರ ಹಳೆಯ, ಅಗ್ಗದ ಫೋನಿನಲ್ಲಿ ಪುಟ ತಡವರಿಸದೆ ತೆರೆದುಕೊಂಡರೆ ನಿಮ್ಮ ನೆಟ್‌ವರ್ಕ್ ಚೆನ್ನಾಗಿದೆ ಎಂದರ್ಥ. ಕುಲಪತಿಗಳ ಕೊಠಡಿಯಲ್ಲಿ ಮಾಡಿದ ಸ್ಪೀಡ್ ಟೆಸ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೀಗೆ ಸುತ್ತುವಾಗ ಒಂದು ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕೇಬಲ್ ಎಳೆಯಲು ಸುಲಭವೆಂದು ಆಕ್ಸೆಸ್ ಪಾಯಿಂಟ್‌ಗಳನ್ನೆಲ್ಲ ಕಾರಿಡಾರಿನುದ್ದಕ್ಕೂ ಸಾಲಾಗಿ ಹೊಡೆದಿರುತ್ತಾರೆ. ಅಡ್ಡಗೋಡೆ ಇಲ್ಲದ ಕಾರಿಡಾರಿನಲ್ಲಿ ಅವು ಒಂದಕ್ಕೊಂದು ತೊಡಕಾಗುತ್ತವೆ, ಕೋಣೆಯೊಳಗೆ ಮಾತ್ರ ಸಿಗ್ನಲ್ ಕುಂಟುತ್ತದೆ. ದಪ್ಪ ಕಲ್ಲುಗೋಡೆಯ ಹಳೆಯ ಕಟ್ಟಡಗಳಲ್ಲಂತೂ ಕೇಳಲೇಬೇಡಿ. 5 ಗಿಗಾಹರ್ಟ್ಸ್ ತರಂಗ 2.4ರಷ್ಟು ಸಲೀಸಾಗಿ ಗೋಡೆ ದಾಟುವುದಿಲ್ಲ. ಪವರ್ ಏರಿಸಿದರೂ ಹೆಚ್ಚು ಲಾಭವಿಲ್ಲ: ನಿಮ್ಮ ಸಿಗ್ನಲ್ ಫೋನಿಗೆ ಮುಟ್ಟುತ್ತದೆ, ಪುಟ್ಟ ಫೋನಿನ ಸಿಗ್ನಲ್ ನಿಮಗೆ ಮರಳಿ ಮುಟ್ಟುವುದಿಲ್ಲ. ಆದ್ದರಿಂದ ಕೋಣೆಗಳ ಒಳಗೇ, ಕಡಿಮೆ ಪವರಿನಲ್ಲಿ, ಹತ್ತಿರ ಹತ್ತಿರ ಕೂರಿಸಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ಅಷ್ಟರಲ್ಲಿ ಇಡೀ ಹಾಸ್ಟೆಲನ್ನು ತುಂಬಲಾಗದು. ಸಾಧ್ಯವಾದಷ್ಟು ಫೋನ್‌ಗಳನ್ನು 5ಕ್ಕೆ ಸರಿಸಿ. ಇಲಾಖೆಗೊಂದು, ಹಾಸ್ಟೆಲಿಗೊಂದು ಎಂದು ವೈಫೈ ಹೆಸರುಗಳನ್ನೂ ಬೆಳೆಸಬೇಡಿ. ಪ್ರತಿ ಹೆಸರೂ ಕ್ಷಣಕ್ಷಣಕ್ಕೂ ತನ್ನ ಇರವನ್ನು ಸಾರುತ್ತಾ ಎಲ್ಲರಿಗೂ ಸೇರಿದ ಸಮಯವನ್ನು ತಿನ್ನುತ್ತದೆ.

ನಿಸ್ತಂತು ಜಾಲದ ಅರ್ಧ ಕೆಲಸ ಇರುವುದು ತಂತಿಯಲ್ಲೇ. ವೈಫೈ 6 ಆಕ್ಸೆಸ್ ಪಾಯಿಂಟ್ ತಂದು ಅದರ ಹಿಂದೆ 100 ಮೆಗಾಬಿಟ್‌ನ ಹಳೆಯ ಸ್ವಿಚ್ ಉಳಿಸಿಕೊಂಡರೆ ಕೊಟ್ಟ ದುಡ್ಡು ದಂಡ. ವಿದ್ಯುತ್ತಿನದೂ ಇದೇ ಕತೆ. ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಹರಿಸುವ ಪಿಒಇ 2003ರ ಮಾನದಂಡದಲ್ಲಿ ಸ್ವಿಚ್ಚಿನ ಒಂದು ಪೋರ್ಟ್ ಕೊಡುತ್ತಿದ್ದದ್ದು 15.4 ವ್ಯಾಟ್, 2009ರದ್ದರಲ್ಲಿ 30 ವ್ಯಾಟ್. ಹೊಸ ಯಂತ್ರಗಳಲ್ಲಿ ಹಲವಕ್ಕೆ ಮೊದಲಿನದು ಸಾಲದು. ಸಾಲದಾದಾಗ ಅವು ಪೂರ್ತಿ ನಿಲ್ಲುವ ಬದಲು ಒಳಗಿನ ಕೆಲವು ಸಾಮರ್ಥ್ಯಗಳನ್ನು ತಾವಾಗಿಯೇ ಕುಗ್ಗಿಸಿಕೊಳ್ಳಬಹುದು. ದೀಪ ಉರಿಯುತ್ತಲೇ ಇರುವುದರಿಂದ ದೋಷ ಯಾರ ಗಮನಕ್ಕೂ ಬರುವುದಿಲ್ಲ. ಇನ್ನು ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಲೇಬೇಡಿ, ಫೈಬರ್ ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಸಾಕು, ತಾಮ್ರದ ಗುಂಟ ಬಂದ ಆಘಾತ ಸ್ವಿಚ್ಚಿನ ಪೋರ್ಟ್‌ಗಳನ್ನು ಸುಟ್ಟುಹಾಕುತ್ತದೆ. ಅರ್ಥಿಂಗ್, ಯುಪಿಎಸ್ ಬ್ಯಾಟರಿಗಳನ್ನು ಆ ಗುಡುಗು ಮಳೆಗೆ ಮೊದಲೇ ಪರೀಕ್ಷಿಸಿ.

ಈಗ ಬೀಗದ ವಿಚಾರ. ವೈಫೈನ 1997ರ ಮಾನದಂಡದ ಜೊತೆಗೇ ಬಂದ ಮೊದಲ ಬೀಗ ಡಬ್ಲ್ಯೂಇಪಿ 2001ರ ಹೊತ್ತಿಗೆ ಮುರಿದುಬಿತ್ತು. 2003ರಲ್ಲಿ ಡಬ್ಲ್ಯೂಪಿಎ, 2004ರಲ್ಲಿ ಡಬ್ಲ್ಯೂಪಿಎ2 ಬಂದವು. 2017ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕ ಮ್ಯಾಥಿ ವಾನ್‌ಹೂಫ್ ಅದರಲ್ಲೂ ‘ಕ್ರ್ಯಾಕ್’ ಎಂಬ ದೋಷ ಎತ್ತಿ ತೋರಿಸಿದರು. ಮರುವರ್ಷ ಡಬ್ಲ್ಯೂಪಿಎ3 ಬಂತು. ಯಾವ ಬೀಗವೂ ಶಾಶ್ವತವಲ್ಲ ಎಂಬುದು ಇದರ ಪಾಠ. ಕ್ರ್ಯಾಕ್ ದೋಷ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಸರಿಹೋಯಿತು. ಕಂಪನಿಯವರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದ ಯಂತ್ರಗಳಿಗೆ ಆ ಭಾಗ್ಯ ಇರಲಿಲ್ಲ. ಎಷ್ಟು ವರ್ಷ ಅಪ್‌ಡೇಟ್ ಕೊಡಬೇಕು ಎಂಬುದನ್ನು ಟೆಂಡರಿನಲ್ಲೇ ಷರತ್ತಾಗಿ ಹಾಕಿ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು.

ಇಡೀ ಹಾಸ್ಟೆಲಿಗೆ ಒಂದೇ ಪಾಸ್‌ವರ್ಡ್ ಕೊಟ್ಟು ನೋಟಿಸ್ ಬೋರ್ಡಿಗೆ ಅಂಟಿಸುವ ಪದ್ಧತಿ ಬಿಡಿ. ಡಬ್ಲ್ಯೂಪಿಎ2ರಲ್ಲಿ ಆ ಪಾಸ್‌ವರ್ಡ್ ತಿಳಿದವನು, ಇನ್ನೊಬ್ಬರ ಫೋನ್ ಜಾಲಕ್ಕೆ ಸೇರುವ ಗಳಿಗೆಯ ಸಂದೇಶಗಳನ್ನು ಹಿಡಿದುಕೊಂಡರೆ, ಅವರ ವೈಫೈ ಗೂಢಲಿಪಿಯನ್ನು ಬಿಡಿಸಬಲ್ಲ. ಓದು ಮುಗಿಸಿ ಹೋದವರಲ್ಲೂ ಅದೇ ಪಾಸ್‌ವರ್ಡ್ ಇರುತ್ತದೆ. ಒಬ್ಬರನ್ನು ಹೊರಗಿಡಬೇಕಾದರೆ ಎಲ್ಲರದನ್ನೂ ಬದಲಾಯಿಸಬೇಕು. ಇದಕ್ಕೆ ಪರಿಹಾರ 802.1ಎಕ್ಸ್: ಪ್ರತಿಯೊಬ್ಬರಿಗೂ ಅವರದೇ ಗುರುತು, ಅದನ್ನು ಪರಿಶೀಲಿಸಲು ಹಿಂದೆ ರೇಡಿಯಸ್ ಸರ್ವರ್.

ಇಷ್ಟು ಮಾಡಿ ನಿಂತರೂ ಸಾಲದು. ವಿದ್ಯಾರ್ಥಿಯ ಕೈಲಿರುವ ಆಂಡ್ರಾಯ್ಡ್ ಫೋನ್ ತೆಗೆದು ನೋಡಿ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುವ ಜಾಗದಲ್ಲೇ ‘ಸಿಎ ಸರ್ಟಿಫಿಕೇಟ್’ ಎಂಬ ಇನ್ನೊಂದು ಸಾಲಿದೆ. ಎದುರಿಗಿರುವುದು ನಿಜವಾಗಿಯೂ ನಮ್ಮ ವಿಶ್ವವಿದ್ಯಾಲಯದ ಸರ್ವರೇ ಎಂದು ಫೋನ್ ಖಾತ್ರಿಪಡಿಸಿಕೊಳ್ಳುವುದು ಅಲ್ಲಿಂದ. ಹಳೆಯ ಫೋನ್‌ಗಳಲ್ಲಿ ಅಲ್ಲಿ ‘ಡೋಂಟ್ ವ್ಯಾಲಿಡೇಟ್’ ಎಂಬ ಆಯ್ಕೆ ಇದೆ. ಹೆಚ್ಚಿನವರು ಒತ್ತುವುದು ಅದನ್ನೇ. ಒತ್ತಿದರೆ, ಯಾರೋ ಕ್ಯಾಂಟೀನಿನಲ್ಲಿ ಕುಳಿತು ನಿಮ್ಮದೇ ವೈಫೈ ಹೆಸರಿನಲ್ಲಿ ನಕಲಿ ಆಕ್ಸೆಸ್ ಪಾಯಿಂಟ್ ಎಬ್ಬಿಸಿದರೂ ಫೋನ್ ಅದನ್ನೇ ನಂಬಿಬಿಡುತ್ತದೆ. ಬಹಳಷ್ಟು ಕಡೆ ಪಾಸ್‌ವರ್ಡ್ ಪರಿಶೀಲಿಸಲು ಬಳಸುವ ಎಂಎಸ್‌ಚಾಪ್‌ವಿ2 ವಿಧಾನವನ್ನು ಭೇದಿಸುವ ದಾರಿ 2012ರಲ್ಲೇ ಬಹಿರಂಗವಾಗಿದೆ. ಅಂದರೆ ಆ ಹುಡುಗನ ಪಾಸ್‌ವರ್ಡ್ ಕೈತಪ್ಪಿದಂತೆಯೇ. ಅಂಕಪಟ್ಟಿ, ಇಮೇಲ್ ಎಲ್ಲಕ್ಕೂ ಅದೇ ಪಾಸ್‌ವರ್ಡ್ ಇದ್ದರೆ ಅವೂ ಹೋದವು.

ಇದಕ್ಕೆ ಹುಡುಗರನ್ನು ದೂರಬೇಡಿ. ಆ ಸಾಲನ್ನು ಸರಿಯಾಗಿ ತುಂಬುವ ಹೊಣೆ ನಿಮ್ಮದು. ಒಮ್ಮೆ ಒತ್ತಿದರೆ ಎಲ್ಲ ಸೆಟ್ಟಿಂಗ್ ತಾನಾಗಿಯೇ ಕೂರುವ ಇನ್‌ಸ್ಟಾಲರ್ ಕೊಡಿ. ಆಗುವುದಾದರೆ ಪಾಸ್‌ವರ್ಡನ್ನೇ ಬಿಟ್ಟು, ಪ್ರತಿ ಫೋನಿಗೂ ಸರ್ಟಿಫಿಕೇಟ್ ಕೊಡುವ ಇಎಪಿ-ಟಿಎಲ್‌ಎಸ್‌ಗೆ ಹೋಗಿ. ಪ್ರವೇಶಾತಿಯ ವಾರ ಹಾಸ್ಟೆಲಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತು, ಕನ್ನಡದಲ್ಲಿ ಹೇಳಿಕೊಟ್ಟು, ಒಬ್ಬೊಬ್ಬರ ಫೋನನ್ನೂ ಜೋಡಿಸಿಕೊಡಿ.

ಹೀಗೆ ಗಟ್ಟಿಯಾದ ಮೇಲೆ, ತಮ್ಮ ಸಂಸ್ಥೆಯ ಗುರುತಿನಿಂದಲೇ ಬೇರೆ ವಿಶ್ವವಿದ್ಯಾಲಯಗಳಲ್ಲೂ ವೈಫೈ ಸಿಗುವ ಎಡುರೋಮ್ ಸೇರಿ. 2002ರಲ್ಲಿ ನೆದರ್ಲೆಂಡ್ಸ್‌ನ ಸರ್ಫ್‌ನೆಟ್‌ನಲ್ಲಿದ್ದ ಕ್ಲಾಸ್ ವೀರೆಂಗಾ ಅವರ ಯೋಚನೆಯಿಂದ ಹುಟ್ಟಿದ ಈ ವ್ಯವಸ್ಥೆ ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ನಡೆಸುವುದು ಅರ್ನೆಟ್ ಇಂಡಿಯಾ. ನಿಮ್ಮಲ್ಲಿ ನೋಂದಾಯಿಸಿಕೊಂಡ ಸಂಶೋಧಕಿ ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದರೆ ಅಲ್ಲಿನ ಜಾಲ ಆಕೆಯ ಕೋರಿಕೆಯನ್ನು ನಿಮ್ಮ ಸರ್ವರಿಗೆ ಕಳಿಸುತ್ತದೆ. ಸೆಟ್ಟಿಂಗ್ ಸರಿಯಿದ್ದರೆ ಆಕೆಯ ಪಾಸ್‌ವರ್ಡ್ ಅಲ್ಲಿನವರಿಗೆ ಕಾಣುವುದಿಲ್ಲ. ಆದರೆ ಆ ಹೊತ್ತಿಗೆ ನಿಮ್ಮ ಸರ್ವರ್ ಮಲಗಿದ್ದರೆ ಆಕೆಗೆ ಅಲ್ಲೂ ಇಂಟರ್‌ನೆಟ್ ಇಲ್ಲ.

ಜಾಲವನ್ನು ಒಳಗೆ ಬೇರೆ ಬೇರೆ ಮಾಡಿ. ಅತಿಥಿಗಳು, ವಿದ್ಯಾರ್ಥಿಗಳು, ಹಣಕಾಸು ವಿಭಾಗ, ಸಿಸಿಟಿವಿ ಕ್ಯಾಮೆರಾ, ಪ್ರಿಂಟರ್ ಇವೆಲ್ಲ ಒಂದೇ ವಿಎಲ್‌ಎಎನ್‌ನಲ್ಲಿ ಇರಕೂಡದು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡಿರುವ ಒಂದು ಕ್ಯಾಮೆರಾ ಸಾಕು, ಒಳಗೆ ಬರುವವನಿಗೆ. ಹಾಸ್ಟೆಲಿನಲ್ಲಿ ಹುಡುಗರು ಸ್ವಂತ ರೌಟರ್ ಇಟ್ಟುಕೊಂಡಿದ್ದರೆ ದಂಡ ಹಾಕುವ ಮುನ್ನ ಆ ಕೋಣೆಯ ಸಿಗ್ನಲ್ ಅಳೆಯಿರಿ. ಸಿಗ್ನಲ್ ಮುಟ್ಟದ ಕಡೆಯೇ ಕಳ್ಳ ರೌಟರ್ ಹುಟ್ಟುವುದು. ಅಲ್ಲಿ ವೇಗ ಕೊಟ್ಟರೆ ಭದ್ರತೆಯೂ ಬಂತು.

ಕೊನೆಯದಾಗಿ ಲಾಗ್. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರಗಳ ಗಡಿಯಾರ ತಾಳೆಯಾಗಬೇಕು. ಫೋನಿನ ಮ್ಯಾಕ್ ವಿಳಾಸ ಬರೆದುಕೊಂಡರಾಯಿತು ಎಂದು ಕೂರಬೇಡಿ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಆ ವಿಳಾಸವನ್ನು ಬದಲಿಸಿ ತೋರಿಸುತ್ತವೆ. ಹಾಗೆಯೇ, ಯಾವ ಹುಡುಗಿ ಎಷ್ಟು ಹೊತ್ತಿಗೆ ಎಲ್ಲಿದ್ದಳು ಎಂಬುದೂ ಆ ಲಾಗ್‌ನಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. ಯಾರೇ ಬಂದು ಬಾಯಿಮಾತಿನಲ್ಲಿ ಕೇಳಿದರೂ ಕೊಡಬೇಡಿ. ಲಿಖಿತ ಆದೇಶ, ಕಾರಣ, ಸಹಿ ಮೂರೂ ಇರಲಿ. ಅವಧಿ ಮುಗಿದದ್ದನ್ನು ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಕೂತು ಓದಿ.

ಮಾಡಿದ್ದನ್ನೆಲ್ಲ ಬರೆದಿಡಿ. ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ, ಯಾವ ಸರ್ಟಿಫಿಕೇಟ್ ಯಾವತ್ತು ಮುಗಿಯುತ್ತದೆ ಎಂಬುದು ಒಬ್ಬರ ತಲೆಯಲ್ಲೇ ಉಳಿದರೆ ಅವರ ವರ್ಗಾವಣೆಯ ದಿನವೇ ಜಾಲ ಅನಾಥವಾಗುತ್ತದೆ. ಹಳ್ಳಿಯಿಂದ ಬಂದು ಮೊದಲ ಸಲ ಸ್ವಂತ ಇಮೇಲ್ ತೆರೆಯುವ ಮಕ್ಕಳು ನಿಮ್ಮನ್ನು ನಂಬಿ ಪಾಸ್‌ವರ್ಡ್ ಬರೆಯುತ್ತಾರೆ. ಆ ನಂಬಿಕೆಗೆ ತಕ್ಕ ಕೆಲಸ ಮಾಡಿ.